ಹಳ್ಳ ನಿಲ್ಲಿಸಿಕೊಂಡ ಬೀಗರು

ಶೈಲಶ್ರೀಯ ಅಪ್ಪಾರಿಗೆ,

ಹೊಲದಿಂದ ಬಂದ ಕೂಡಲೇ ಇದನ್ನು ಓದಿರಿ. ರೊಟ್ಟಿ ಬುಟ್ಟಿಯಲ್ಲಿವೆ. ಕೆಸರುಗಾಲಲ್ಲಿ ಒಳಗೆ ಬರಬೇಡಿರಿ, ಈಗಷ್ಟೇ ಸಾರಿಸಿದ್ದೇನೆ.

ಬೆಣ್ಣಿಹಳ್ಳದ ನೆರೆ ಇಳಿದಿದೆ, ಮೂರು ಗಂಟೆಗೆ ಬಸ್ಸು ಬಿಡುತ್ತಾರಂತೆ. ಹೆಣ್ಣು ನೋಡಲು ಬಂದು ಎರಡು ದಿನ ನಮ್ಮಲ್ಲೇ ಸಿಕ್ಕಿಬಿದ್ದ ಕುಂದಗೋಳದವರು ಅದರಲ್ಲೇ ಹೊರಡುತ್ತಾರೆ. ಮೊದಲ ದಿನ ಮಗಳು, "ಹುಡುಗ ಬಾಯಿನ ಬಿಡಲಿಲ್ಲ, ನಾ ಒಲ್ಲೆ" ಎಂದಿದ್ದಳಲ್ಲ? ನಿನ್ನೆ ಕೆಳಗಿನ ಓಣಿಗೆ ನೀರು ನುಗ್ಗಿದಾಗ ಅದೇ ಹುಡುಗ, ಸಂಗನಬಸವ, ನೀಲವ್ವಾಯಿಯನ್ನು ಬೆನ್ನ ಮೇಲೆ ಹೊತ್ತು ತಂದ. ಮುದುಕಿ ದಾರಿಯುದ್ದಕ್ಕೂ ಬೈದಳು: "ಲೇ, ಮೆಲ್ಲಕ ನಡಿ, ನಾ ಏನ್ ಜೋಳದ ಚೀಲ ಅದೀನೇನು?"

"ಜೋಳದ ಚೀಲಾ ಇಷ್ಟ್ ಬೈಯೂದಿಲ್ರಿ, ಆಯಿ!"

ಹಗ್ಗ ಹಿಡಿದು ನಿಂತಿದ್ದ ನಮ್ಮ ಹುಡುಗಿ ನಕ್ಕು ನಕ್ಕು ನೀರಿಗೆ ಬೀಳುವುದೊಂದು ಬಾಕಿ. ಇವತ್ತು ನೀವು ಹೋದ ಮೇಲೆ ಒಲೆಯ ಹತ್ತಿರ ಬಂದು, "ಅವ್ವಾ, ಅವ್ರಿಗೆ ಮಾತ್ ಬರ್ತಾವ. ನಾ ಒಪ್ಪೀನಿ" ಎಂದಳು.

ನೀಲವ್ವಾಯಿಯ ಮನೆಯ ಕೆಸರು ಬಳಿದು ಹೊರಹಾಕಲು ಎಲ್ಲರೂ ಹೊರಟಿದ್ದೇವೆ, ಬೀಗರೂ ಕೂಡ. ಬಸ್ಸಿಗೆ ಮೊದಲೇ ಅಲ್ಲಿಗೆ ಬನ್ನಿರಿ. ಹೂಂ ಎನ್ನುವ ಮಾತು ಅಪ್ಪನ ಬಾಯಿಂದಲೇ ಬರಬೇಕು.

ಹೊಲದ ಹೆಸರಿನ ಬೆಳೆ ಕೊಳೆತಿರಬಹುದು, ಗೊತ್ತು. ಅದಕ್ಕೆ ನಾಳೆ ಇಬ್ಬರೂ ಕೂತು ಅಳೋಣ. ಇವತ್ತು ಗಡ್ಡ ಬೋಳಿಸಿಕೊಂಡು, ನಗುತ್ತ ಬನ್ನಿರಿ.