ಚಂದ್ರನ ಮೇಲೆ ಎಂಟು ತಿಂಗಳು

ಮಾರ್ಚ್ ೧೧, ಬೆಳಿಗ್ಗೆ

ಚಂದ್ರನಲ್ಲಿದ್ದು ಬಂದವರಿಗೆ,

ನಿಮ್ಮ ಪತ್ರ ತಲುಪಿತು. ಅಮ್ಮ ತೀರಿಕೊಂಡ ಸುದ್ದಿಯನ್ನು ನಾಲ್ಕು ತಿಂಗಳು ಬಚ್ಚಿಟ್ಟವಳ ಮುಖ ನೋಡಲಾರೆ, ಇನ್ನು ಗೆಳೆಯನ ಮನೆಯಲ್ಲೇ ಇರುತ್ತೇನೆ ಎಂದು ಬರೆದಿದ್ದೀರಿ. ಇರಿ, ಬೇಡ ಅನ್ನುವವರು ಯಾರು? ಆದರೆ ಬಚ್ಚಿಟ್ಟ ಮಾತು ತೆಗೆದಿದ್ದೀರಲ್ಲ, ಅದಕ್ಕೆ ಉತ್ತರ ಬರೆಯದೆ ನನಗೆ ಸಮಾಧಾನವಿಲ್ಲ. ಇವತ್ತು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟಿದೆ. ರಿಪೇರಿಯವರು ಬರುವುದು ಮಧ್ಯಾಹ್ನ. ಅಷ್ಟರೊಳಗೆ ಮುಗಿಸುತ್ತೇನೆ.

ನೀವು ಆ ಅರ್ಜಿ ತಂದ ದಿನ ನೆನಪಿದೆಯೇ? ಮನುಷ್ಯ ಚಂದ್ರನ ಮೇಲೆ ಬದುಕಬಲ್ಲನೇ ಎಂದು ಪರೀಕ್ಷೆ ಮಾಡುತ್ತಾರಂತೆ, ಅದಕ್ಕಾಗಿ ಒಂದು ದೊಡ್ಡ ಗೋದಾಮಿನೊಳಗೆ ಮನೆ ಕಟ್ಟಿದ್ದಾರಂತೆ, ನಾಲ್ಕು ಜನ ಎಂಟು ತಿಂಗಳು ಹೊರಗಿನ ಗಾಳಿಯೇ ಇಲ್ಲದೆ ಒಳಗಿರಬೇಕಂತೆ. ಮೂವರು ವಿಜ್ಞಾನಿಗಳು, ಗಾಳಿಯ ಯಂತ್ರ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್. ಹದಿನೈದು ವರ್ಷ ಯಾರ್ಯಾರದೋ ಮನೆಯ ಏಸಿ ಬಿಚ್ಚಿ ಜೋಡಿಸಿದ ನಿಮ್ಮ ಮುಖದಲ್ಲಿ ಅಂಥ ಕಳೆಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

“ಅಲ್ಲಿ ಗಾಳಿನೇ ಇಲ್ವಂತಲ್ಲೋ. ಕಿಟಕಿ ಹಾಕಿದ್ರೆ ನಿದ್ದೆ ಬರದವನು ನೀನು, ಹೇಗೋ ಬದುಕ್ತೀಯ?” ಎಂದು ಅತ್ತೆ ನಕ್ಕರು.

“ಗಾಳಿ ಮಾಡೋಕೇ ತಾನೇ ನನ್ನ ಕರೀತಿರೋದು?” ಎಂದಿರಿ.

ಮಾರನೆಯ ದಿನದಿಂದ ಅತ್ತೆ ಬೀದಿಯವರಿಗೆಲ್ಲ ಮಗ ಚಂದ್ರನಿಗೇ ಹೊರಟಿದ್ದಾನೆ ಎಂದು ಹೇಳಿಕೊಂಡು ತಿರುಗಿದರು. ಗೋದಾಮು ಎಂಬ ಮಾತನ್ನು ಅವರು ಬೇಕೆಂದೇ ಬಿಟ್ಟುಬಿಡುತ್ತಿದ್ದರು.

ನೀವು ಒಳಗೆ ಹೋದ ಮೂರನೆಯ ತಿಂಗಳು ಅವರಿಗೆ ಕೆಮ್ಮು ಹಿಡಿಯಿತು. ಕಷಾಯ, ಮಾತ್ರೆ ಯಾವುದಕ್ಕೂ ಜಗ್ಗದಿದ್ದಾಗ ನಾನೇ ಆಸ್ಪತ್ರೆಗೆ ಕರೆದೊಯ್ದು, ನಾನೇ ಎಕ್ಸ್‌ರೇ ಫಲಕದ ಎದುರು ನಿಲ್ಲಿಸಿದೆ. “ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ” ಎಂದು ದಿನಕ್ಕೆ ಐವತ್ತು ಸಲ ಹೇಳುವವಳು ನಾನು. ಅತ್ತೆಗೆ ಮೂರು ಎಣಿಸುವವರೆಗೂ ಹಿಡಿಯಲಾಗಲಿಲ್ಲ. ಕಪ್ಪಗಿರಬೇಕಾದ ಬಲಗಡೆಯ ಶ್ವಾಸಕೋಶ ಅರ್ಧಕ್ಕರ್ಧ ಬೆಳ್ಳಗೆ ಕಂಡಿತು. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು.

ಅವತ್ತೇ ನಿಮ್ಮ ಪರೀಕ್ಷೆ ನಡೆಸುವ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿಯ ಡಾಕ್ಟರಮ್ಮ ಕಡತ ತೆಗೆಸಿ ನೋಡಿ, “ನಿಮ್ಮ ಯಜಮಾನ್ರು ಬೇಡ ಅಂತ ಗುರುತು ಹಾಕಿದ್ದಾರಲ್ಲಮ್ಮ” ಎಂದರು. ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮನೆಯಲ್ಲಿ ಕಾಯಿಲೆಯೋ ಸಾವೋ ಆದರೆ ಒಳಗಿದ್ದವರಿಗೆ ತಿಳಿಸಬೇಕೇ ಬೇಡವೇ ಎಂದು ಅರ್ಜಿಯಲ್ಲಿ ಕೇಳಿದ್ದರಂತೆ. ಉಳಿದ ಮೂವರೂ ತಿಳಿಸಿ ಎಂದಿದ್ದರು. ಬೇಡ ಎಂದವರು ನೀವೊಬ್ಬರೇ. ನಮ್ಮೆದುರು ಮಾತ್ರ, “ಮನೆ ಸುದ್ದಿ ಏನಿದ್ರೂ ಒಳಗೆ ತಿಳಿಸಲ್ವಂತೆ, ಅದು ಅವರ ನಿಯಮ, ನಾನೇನ್ ಮಾಡ್ಲಿ?” ಎಂದು ಕೈ ಚೆಲ್ಲಿದ್ದಿರಿ. ಈ ವಿಷಯವನ್ನು ನಾನು ಅತ್ತೆಗೆ ಹೇಳಲಿಲ್ಲ. ನಿಮ್ಮ ಮರ್ಯಾದೆಗಾಗಿ ಅಲ್ಲ, ಅವರು ತಡೆದುಕೊಳ್ಳುತ್ತಿರಲಿಲ್ಲ.

ಪ್ರತಿ ಶುಕ್ರವಾರ ಕೇಂದ್ರದವರ ಕಾವಲಿನಲ್ಲಿ ನಿಮ್ಮೊಡನೆ ಸಿಗುತ್ತಿದ್ದ ಹದಿನೈದು ನಿಮಿಷದ ವಿಡಿಯೊ ಮಾತುಕತೆಗೆ ಅತ್ತೆ ಬೆಳಿಗ್ಗೆಯಿಂದಲೇ ಸಿದ್ಧರಾಗುತ್ತಿದ್ದರು. ತಲೆ ಬಾಚಿಸಿಕೊಂಡು, ಬೆನ್ನಿಗೆ ಎರಡು ದಿಂಬು ಇರಿಸಿಕೊಂಡು, ನಿಮ್ಮ ಮುಖ ಪರದೆಯ ಮೇಲೆ ಮೂಡುವ ಹೊತ್ತಿಗೆ ಮೂಗಿನ ಆಮ್ಲಜನಕದ ನಳಿಗೆ ತೆಗೆಸಿಬಿಡುತ್ತಿದ್ದರು. ಅಲ್ಲಿಯ ಗಾಳಿಯ ಯಂತ್ರ ಕೈಕೊಟ್ಟಿದ್ದು, ಒಳಗೆಲ್ಲ ಆಮ್ಲಜನಕ ಕಡಿಮೆಯಾಗಿದ್ದು, ಒಂದೂವರೆ ಗಂಟೆಯಲ್ಲಿ ನೀವು ಸರಿಮಾಡಿದ್ದು, ಇದನ್ನೇ ಒಂದು ಸಲ ಉತ್ಸಾಹದಿಂದ ಹೇಳುತ್ತಾ ಹೋದಿರಿ. ಅತ್ತೆಯ ತುಟಿ ನೀಲಿಯಾಗುತ್ತಿತ್ತು. ನಿಮಗದು ಕಾಣಲಿಲ್ಲ. “ಈಗ ಗಾಳಿ ಸರಿಯಾಗಿ ಬರ್ತಿದೆಯೇನೋ, ಮಗನೇ?” ಎಂದು ಕೇಳಿದರು. ಬರ್ತಿದೆ ಎಂದಿರಿ. “ಅಷ್ಟು ಸಾಕು ಬಿಡು” ಎಂದು ನಳಿಗೆಗಾಗಿ ನನ್ನತ್ತ ಕೈ ಚಾಚಿದರು.

ಅವರು ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ ಮೂರಕ್ಕೆ. ಆಗ ನಿಮಗೆ ಒಳಗೆ ನಾಲ್ಕು ತಿಂಗಳು ತುಂಬಿತ್ತು. ಎಲ್ಲವನ್ನೂ ಒಬ್ಬಳೇ ನಿಂತು ಮಾಡಿಸಿದೆ. ಶುಕ್ರವಾರ ಅಮ್ಮ ಎಲ್ಲಿ ಎಂದಿರಿ. ಮಲಗಿದ್ದಾರೆ ಎಂದೆ. ಮುಂದಿನ ವಾರ ನಿಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾರೆ ಎಂದೆ, ಅದರ ಮುಂದಿನ ವಾರ ಇನ್ನೂ ಬಂದಿಲ್ಲ ಎಂದೆ. ಹದಿನಾರು ವಾರ ನಾನು ಸುಳ್ಳು ಹೇಳಿದ್ದು ನಿಜ. ಆದರೆ ಆ ಹದಿನಾರು ವಾರದಲ್ಲಿ ನೀವು ಒಮ್ಮೆಯಾದರೂ ಚಿಕ್ಕಮ್ಮನಿಗೆ ಫೋನ್ ಜೋಡಿಸಿ ಕೊಡಿ ಎಂದು ಕೇಂದ್ರದವರನ್ನು ಕೇಳಿದಿರಾ? ನನ್ನ ಬಾಯಿಂದ ಸುಳ್ಳು ಬಿದ್ದದ್ದೇ ತಡ, ಯಂತ್ರದ ವಿಷಯಕ್ಕೆ ಹೊರಳುತ್ತಿದ್ದಿರಿ.

ಬಾಗಿಲು ತೆರೆದ ದಿನ ನಾನೂ ಜನರ ನಡುವೆ ನಿಂತಿದ್ದೆ. ಪತ್ರಕರ್ತೆಯೊಬ್ಬಳು ಚಂದ್ರನ ಮೇಲೆ ಬದುಕಬಹುದೇ ಎಂದು ಕೇಳಿದಳು. “ಧಾರಾಳವಾಗಿ ಬದುಕಬಹುದು, ಏನೂ ಕಷ್ಟ ಇಲ್ಲ” ಎಂದಿರಿ. ಚಪ್ಪಾಳೆ ಬಿತ್ತು. ಆಮೇಲೆ ನನ್ನ ಹಿಂದೆ ಮುಂದೆ ಹುಡುಕಿ, “ಅಮ್ಮ ಬರ್ಲಿಲ್ವಾ?” ಎಂದಿರಿ. ಹೇಳಿದೆ. ಅಷ್ಟು ಜನರೆದುರು ನನ್ನ ತೋಳು ಹಿಡಿದು ಅಲುಗಾಡಿಸಿ, “ಬಾಗಿಲು ತೆಗೆಸೋಕೆ ನಿನಗೇನಾಗಿತ್ತು?” ಎಂದು ಕೂಗಿದಿರಿ. ಬೇಡ ಎಂದು ಬರೆದುಕೊಟ್ಟವರು ನೀವು. ನನ್ನ ಕೈಯಲ್ಲಿ ಏನಿತ್ತು?

ನಿಮ್ಮ ಬಟ್ಟೆಬರೆಯನ್ನು ಎರಡು ಪೆಟ್ಟಿಗೆಯಲ್ಲಿ ತುಂಬಿಸಿಟ್ಟಿದ್ದೇನೆ. ನಾನು ಕೆಲಸದಲ್ಲಿರುವ ಹೊತ್ತಿಗೆ ಬಂದು ತೆಗೆದುಕೊಂಡು ಹೋಗಿ. ಅತ್ತೆಯ ಮಂಚಕ್ಕೆ ಕೈ ಹಚ್ಚಬೇಡಿ. ಈಗ ಅದರ ಮೇಲೆ ನಾನು ಮಲಗುತ್ತೇನೆ.

ಇಂತಿ,
ನಿಮ್ಮ ಅಮ್ಮನ ಸೊಸೆ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅತ್ತೆ ಹೋಗುವ ಎರಡು ದಿನ ಮೊದಲು ಆ ಡಾಕ್ಟರಮ್ಮ ತಾವಾಗಿಯೇ ಫೋನ್ ಮಾಡಿದ್ದರು. “ಅವರು ಏನೇ ಬರೆದಿರ್ಲಿ, ನೀವು ಹೂಂ ಅಂದ್ರೆ ಇವತ್ತೇ ಬಾಗಿಲು ತೆಗೆಸ್ತೀನಿ” ಎಂದರು. ನಾನು ಬೇಡ ಎಂದೆ. ನಿಮ್ಮ ಪರೀಕ್ಷೆ ಕೆಡದಿರಲಿ ಎಂದಲ್ಲ. ಬೇಡ ಎಂದು ಬರೆದವರು ಅದನ್ನು ಬದುಕಿರುವವರೆಗೂ ಅನುಭವಿಸಲಿ ಎಂಬ ಹಟದಿಂದ. ಪಕ್ಕದ ಮಂಚದಿಂದ ಅತ್ತೆ, “ಯಾರೇ ಫೋನಲ್ಲಿ, ಅವನೇನೇ?” ಎಂದು ಕೇಳಿದರು. ರಾಂಗ್ ನಂಬರ್ ಎಂದೆ.