ಗ್ರಾಂಟು ತಿನ್ನುವವಳ ಕಾಲ್ಗುಣ

ನಿಗ್ವನಾರಿ, ಗುರಿಯಾ
ಜನವರಿ 17, 2026

ನನ್ನ ಮುದ್ದಿನ ಮೊಮ್ಮಗಳು ತೆಕ್ಲೆಗೆ, ಸಿಲೋವಾನ್ ತಾತನ ನೂರು ಮುತ್ತುಗಳು.

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಹೋದ ವಾರ ನಿನ್ನಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ನೀನು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದೆ. ನಿನ್ನಮ್ಮ ಇಂಗಾಳಿಗೆ ಗೊತ್ತಾಗಲಿಲ್ಲ, ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಾಯಿತು. ನನಗೆ ಕಿವಿ ಮಂದ ಎಂದು ಈ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅದರಿಂದ ನನಗೆ ಎಷ್ಟೋ ಅನುಕೂಲವಾಗಿದೆ, ಆ ನಂಬಿಕೆಯನ್ನು ನೀನು ಕೆಡಿಸಬೇಡ. ವಿಲ್ನಿಯಸ್ಸಿನಲ್ಲಿ ಉಣ್ಣೆಯ ಕಾಲುಚೀಲ ಸಿಗುತ್ತದೆಯೋ ಇಲ್ಲವೋ ಎಂದು ನಿನ್ನಮ್ಮ ಮೂರು ಜೊತೆ ಹೆಣೆದಿದ್ದಾಳೆ. ಔಷಧದ ಅಂಗಡಿಯ ಮಾನಾನಾಳ ಮಗಳು ಅಲ್ಲಿಗೆ ಓದಲು ಹೊರಟಿದ್ದಾಳೆ, ಈ ಕಾಗದವನ್ನೂ ಪೊಟ್ಟಣವನ್ನೂ ಅವಳ ಕೈಗೇ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ನಿನಗಿಂತ ಮೊದಲು ಊರೆಲ್ಲ ಓದುತ್ತದೆ. ಪೊಟ್ಟಣದಲ್ಲಿ ಹುಳಿ ಪ್ಲಮ್ಮಿನ ಚಟ್ನಿ ಇದೆ, ಜೇನಿನಲ್ಲಿ ಕುದಿಸಿದ ಅಕ್ರೋಟು ಇದೆ. ಅಕ್ರೋಟು ಈ ಸಲ ಸ್ವಲ್ಪ ಗಟ್ಟಿಯಾಗಿದೆ, ಹಲ್ಲು ಜೋಪಾನ. ನನ್ನ ಮಂಡಿ ಎಂದಿನಂತೆ ಹವೆ ಬದಲಾಗುವ ಮುಂಚೆ ಸುದ್ದಿ ಕೊಡುತ್ತದೆ. ನಿನ್ನಮ್ಮನ ಬಿಪಿ ಹತೋಟಿಯಲ್ಲಿದೆ. ನಿನ್ನಪ್ಪ ಗೋಚಾ ಗಟ್ಟಿಯಾಗಿದ್ದಾನೆ. ಈ ಕಾಗದ ಬರೆಯಲು ಕೂತಿರುವುದೇ ಅವನ ವಿಷಯ ಹೇಳಲು, ಆದರೆ ನಾನು ಗುರಿಯಾದವನು, ನೆಟ್ಟಗೆ ವಿಷಯಕ್ಕೆ ಬರುವುದು ನಮ್ಮ ಜಾಯಮಾನವಲ್ಲ.

ಚುನಾವಣೆ ಕಾಯುವ ನಿಮ್ಮ ಕೆಲಸಕ್ಕೆ ದುಡ್ಡು ಕೊಡುತ್ತಿದ್ದ ಆ ಫೌಂಡೇಶನ್ ಬಾಗಿಲು ಹಾಕಿದ ಸುದ್ದಿ ಇಲ್ಲಿಗೂ ಬಂತು. ಸಾಗರದಾಚೆಯ ಸರ್ಕಾರ ಇಷ್ಟು ವರ್ಷ ಅದಕ್ಕೆ ದುಡ್ಡು ಕೊಟ್ಟು ಜಗತ್ತಿಗೆಲ್ಲ ಪ್ರಜಾಪ್ರಭುತ್ವ ಕಲಿಸಿ ಎಂದಿತು, ಈಗ ದಂಡದ ಖರ್ಚು ಎಂದು ಕೈ ತೊಳೆದುಕೊಂಡಿತು. ಇಲ್ಲಿಯವರು ನಿನ್ನನ್ನು ಅವರ ಏಜೆಂಟು ಎನ್ನುತ್ತಾರೆ, ಅಲ್ಲಿಯವರಿಗೆ ನೀನು ಯಾರೆಂದೇ ಗೊತ್ತಿಲ್ಲ. ಯಜಮಾನನೇ ಇಲ್ಲದ ಏಜೆಂಟು ನಮ್ಮ ಮನೆಯಲ್ಲಿ ಹುಟ್ಟಿದಳಲ್ಲ ಎಂದು ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಸಂಬಳ ನಿಂತ ಮೇಲೆ ಅಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ನಿನ್ನಮ್ಮನಿಗೆ ಏನೇನೋ ಹೇಳಿ ಜಾರಿಕೊಳ್ಳುತ್ತೀಯಂತೆ. ಪಾತ್ರೆ ತೊಳೆಯುತ್ತಿದ್ದರೂ ಹೇಳು ಕಂದಾ. ಕೆಲಸದಲ್ಲಿ ಸಣ್ಣದು ದೊಡ್ಡದು ನೋಡುವ ಮನೆ ನಮ್ಮದಲ್ಲ.

ಪಕ್ಕದ ಮನೆಯ ವಾರ್ದೆನ್ ಮಾತ್ರ ಇನ್ನೂ ಬಿಟ್ಟಿಲ್ಲ. ಟಿವಿಯಲ್ಲಿ ರಾತ್ರಿ ಕೇಳಿದ್ದನ್ನು ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ನನಗೆ ಒಪ್ಪಿಸುತ್ತಾನೆ. ಒಂದು ದಿನ ಕೇಳಿದ, "ಅಲ್ಲ ಸಿಲೋವಾನ್, ನಮ್ಮ ಸರ್ಕಾರ ದುಡ್ಡು ಕಳ್ಸಿ ಅವರೂರಲ್ಲಿ ಚುನಾವಣೆ ಕಾಯೋರ್ನ ಸಾಕಿದ್ರೆ ಅವರು ಕೈಕಟ್ಕೊಂಡು ಕೂತಿರ್ತಿದ್ರಾ?" ನಾನು ಬಿಡಲಿಲ್ಲ. "ನಿಮ್ಮತ್ತೆ ಸತ್ತ ಮೇಲೂ ಎರಡು ಸಲ ಮತ ಹಾಕಿದ್ಲಲ್ಲ, ಅದನ್ನ ನೀವೇ ಹಿಡಿದಿದ್ರೆ ನಮ್ ತೆಕ್ಲೆ ಯಾಕೆ ಹಿಡೀಬೇಕಿತ್ತು?" ಎಂದೆ. ಒಂದು ವಾರ ಬೇಲಿಯ ಕಡೆ ಸುಳಿಯಲಿಲ್ಲ. ಆದರೆ ನಿನ್ನ ಹತ್ತಿರ ಸುಳ್ಳು ಹೇಳಬಾರದು, ಅವನ ಪ್ರಶ್ನೆ ನನ್ನನ್ನು ಈಗಲೂ ಚುಚ್ಚುತ್ತದೆ. ನಾನು ಹೀಗೆಯೇ ಕೇಳಿದಾಗ ನೀನು, "ದುಡ್ಡು ಯಾರದು ಅಂತ ಮುಚ್ಚಿಟ್ರೆ ಏಜೆಂಟು ತಾತಾ, ನಾವು ಆಫೀಸಿನ ಬಾಗ್ಲಲ್ಲೇ ಬರೆದು ಹಾಕಿದೀವಿ" ಎಂದಿದ್ದೆ. ಅದೂ ಸರಿಯೇ. ಎರಡೂ ಸರಿ ಎನಿಸಿದಾಗ ಮುದುಕರು ಏನು ಮಾಡಬೇಕೋ ಅದನ್ನೇ ನಾನು ಮಾಡುತ್ತೇನೆ, ಮೊಮ್ಮಗಳ ಕಡೆ ನಿಲ್ಲುತ್ತೇನೆ.

ನಿನ್ನಪ್ಪನಿಗೆ ಹಾಗೆ ನಿಲ್ಲುವುದು ಸುಲಭವಿರಲಿಲ್ಲ. ನೀನು ಹೊರಡುವ ಮುಂಚಿನದೂ ಆಮೇಲಿನದೂ ನಿನಗೆ ತಿಳಿಯದ ಸಂಗತಿಗಳಿವೆ. ನಮ್ಮ ಗೇಟಿಗೆ ನಿನ್ನ ಫೋಟೋ ಅಂಟಿಸಿ ಕೆಳಗೆ ‘ಗ್ರಾಂಟು ತಿನ್ನುವವಳು’ ಎಂದು ಬರೆದಿದ್ದರಲ್ಲ, ಅದರ ಮಾರನೆಯ ದಿನ ಅವನ ಕಚೇರಿಯ ಮೇಲಿನವರು ಅವನನ್ನು ಕರೆಸಿ, ಮಗಳನ್ನು ಹದ್ದುಬಸ್ತಿನಲ್ಲಿಡಲಾಗದವನು ಊರಿನ ನೀರಿನ ಪೈಪನ್ನೇನು ನೋಡಿಕೊಳ್ಳುತ್ತಾನೆ ಎಂದಿದ್ದರು. ಅದೇ ಸಂಜೆ ಊಟದ ಮೇಜಿನಲ್ಲಿ ಅವನು ನಿನ್ನ ಮೇಲೆ ಹರಿಹಾಯ್ದದ್ದು. "ಊರಲ್ಲಿ ನಿನ್ನ ಹೆಸರು ಹೇಳೋಕೆ ನಂಗೆ ನಾಚ್ಕೆ ಆಗತ್ತೆ" ಎಂದ. ನೀನು ಚಮಚ ಕೆಳಗಿಟ್ಟು, "ಹಾಗಾದ್ರೆ ಹೇಳ್ಬೇಡಪ್ಪಾ" ಎಂದೆ. ಇಬ್ಬರೂ ನನ್ನ ರಕ್ತವೇ, ಹಟದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ನೀನು ವಿಮಾನ ಹತ್ತಿದೆ. ಅವನು ಆ ಮಾತನ್ನು ಅಕ್ಷರಶಃ ಪಾಲಿಸಿದ. ವರ್ಷವಾಗುತ್ತ ಬಂತು, ಅವನ ಬಾಯಲ್ಲಿ ನಿನ್ನ ಹೆಸರು ಬಂದಿರಲಿಲ್ಲ. ಇಂಗಾ ನಿನ್ನ ಜೊತೆ ಫೋನಿನಲ್ಲಿ ಮಾತಾಡಲು ಕೂತರೆ ಅವನು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ನಮ್ಮ ಹಸುವನ್ನು ಅಷ್ಟೊಂದು ಸಲ ನೋಡಿಕೊಂಡವರು ಈ ವಂಶದಲ್ಲೇ ಇಲ್ಲ.

ಹೀಗಿರುವಾಗ ಹಳೇ ಪಂಚಾಂಗದ ಹೊಸ ವರ್ಷ ಬಂತು. ಪ್ರತಿ ವರ್ಷ ಬೆಳಿಗ್ಗೆ ಮೊದಲು ಹೊಸ್ತಿಲು ದಾಟಿ ಬರುತ್ತಿದ್ದವಳು ನೀನು. ನಿನ್ನ ಕಾಲ್ಗುಣ ಒಳ್ಳೆಯದು ಎಂದು ನಿನ್ನಜ್ಜಿ ನೀನು ಇನ್ನೂ ತೊದಲುತ್ತಿದ್ದಾಗಲೇ ತೀರ್ಮಾನಿಸಿದ್ದಳು, ಅಲ್ಲಿಂದ ಈ ಮನೆಯ ಮೊದಲ ಕಾಲು ಬೇರೆಯವರದ್ದಾಗಿದ್ದಿಲ್ಲ. ಹೋದ ಜನವರಿಯಲ್ಲೂ ನೀನೇ ಬಂದೆ. ಈ ಸಲ ಯಾರು ಎಂಬುದೇ ಚಿಂತೆ. ಇಂಗಾ ಮಾನಾನಾಳನ್ನು ಕರೆಯೋಣ ಎಂದಳು. ನಾನು ಬೇಡ ಎಂದೆ. ವಾರ್ದೆನ್ ತಾನೇ ಬರುವುದಾಗಿ ಬೇಲಿಯಾಚೆಯಿಂದ ಸೂಚಿಸಿದ. ಅವನು ಕಾಲಿಟ್ಟ ವರ್ಷ ಅವನ ಮನೆಯಲ್ಲೇ ಕೋಳಿ ಮೊಟ್ಟೆ ಇಡುವುದಿಲ್ಲ, ನನಗೆ ಕಿವಿ ಕೇಳಿಸಲಿಲ್ಲ. ಕೊನೆಗೆ ಏನೂ ಇತ್ಯರ್ಥವಾಗದೆ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಹಬ್ಬದೂಟದ ಹಂದಿಯ ತಲೆ ಬೆಂದು ಕೂತಿದೆ, ದೀಪ ಉರಿಯುತ್ತಿದೆ, ಬಾಗಿಲು ಮಾತ್ರ ಮುಚ್ಚಿದೆ. ಯಾರಾದರೂ ಬರುವವರೆಗೆ ನಾವು ಹೊರಗೆ ಹೋಗುವ ಹಾಗಿಲ್ಲ. ನಿನ್ನಮ್ಮ ನನಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತು, ಉರಿ ಸರಿಮಾಡುವವಳಂತೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗೋಚಾ ಎಲ್ಲಿ ಎಂದರೆ ಅವಳಿಗೂ ಗೊತ್ತಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಇಂಗಾ ತೆರೆದಳು. ಹೊರಗೆ ನಿನ್ನಪ್ಪ. ಹಿತ್ತಿಲ ಬಾಗಿಲಿನಿಂದ ಹೋಗಿ, ಕೆಸರಿನಲ್ಲಿ ಮನೆಯನ್ನು ಸುತ್ತು ಹಾಕಿ ಮುಂದೆ ಬಂದು ನಿಂತಿದ್ದ. ಒಂದು ಕೈಯಲ್ಲಿ ವೈನಿನ ಕೂಜ, ಇನ್ನೊಂದು ಕೈಯಲ್ಲಿ ನೀನು ತೋಟಕ್ಕೆ ಹಾಕಿಕೊಳ್ಳುತ್ತಿದ್ದ ಆ ಹಸಿರು ರಬ್ಬರ್ ಬೂಟುಗಳು. ಒಳಗೆ ಬರಲಿಲ್ಲ. ಬಗ್ಗಿ, ಬಲಗಾಲಿನ ಬೂಟನ್ನು ಹೊಸ್ತಿಲ ಈಚೆ ಇಟ್ಟ. ಆಮೇಲೆ ಎಡಗಾಲಿನದು. ಪ್ರತಿ ವರ್ಷ ನೀನು ಹೇಳುತ್ತಿದ್ದ ಮಾತನ್ನು ಅವನು ಹೇಳಿದ. "ಒಳಗೆ ಕಾಲಿಟ್ಟಾಯ್ತು, ದೇವರು ಈ ಮನೇನ ಕಾಯ್ಲಿ. ಕಾಲು ತೆಕ್ಲೆದು, ಹೆಜ್ಜೆ ದೇವದೂತಂದು."

ಹೆಸರು ಹೇಳಿದ ಮಗಳೇ. ಗಟ್ಟಿಯಾಗಿ ಹೇಳಿದ.

ಇಂಗಾ ಬೂಟನ್ನು ಎತ್ತಿ ಎದೆಗೆ ಅವುಚಿಕೊಳ್ಳಲು ಹೋದಳು. ಅದರೊಳಗಿಂದ ಗಲಗಲ ಎಂದು ಹೇಜಲ್‌ಕಾಯಿಗಳು ನೆಲಕ್ಕೆಲ್ಲ ಸುರಿದವು. ವರ್ಷವಿಡೀ ಕೊಟ್ಟಿಗೆಯಲ್ಲಿ ಬಿದ್ದಿದ್ದ ನಿನ್ನ ಬೂಟನ್ನು ಯಾವುದೋ ಇಲಿ ಉಗ್ರಾಣ ಮಾಡಿಕೊಂಡಿತ್ತು. ಮೊದಲ ಕಾಲಿಡುವವರು ಮನೆಯೊಳಗೆ ಕಾಳು ಚೆಲ್ಲಬೇಕು ಎಂಬುದನ್ನು ನಿನ್ನಪ್ಪ ಮರೆತಿದ್ದ, ನಿನ್ನ ಬೂಟು ಮರೆತಿರಲಿಲ್ಲ. ಮೊದಲು ನಾನು ನಕ್ಕೆ, ಆಮೇಲೆ ನಿನ್ನಮ್ಮ, ಕೊನೆಗೆ ಅವನೂ ಹೊಸ್ತಿಲಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡು ನಕ್ಕ. ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ನಾವು ಯಾರೂ ಕೈ ಸರಿಸಿ ನೋಡಲಿಲ್ಲ. ಆ ಕಾಯಿಗಳಲ್ಲಿ ಒಂದು ಹಿಡಿ ಈ ಪೊಟ್ಟಣದ ಮೂಲೆಯಲ್ಲಿವೆ. ಇಲಿ ಮುಟ್ಟಿದ್ದು, ತಿನ್ನಬೇಡ, ಸುಮ್ಮನೆ ಇಟ್ಟುಕೋ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ವಾರ್ದೆನ್ ಮುಖ ಊದಿಸಿಕೊಂಡು ಬಂದ. ಒಂದು ಲೋಟ ಕುಡಿದ ಮೇಲೆ, "ಕೊನೆಗೂ ಈ ವರ್ಷ ಯಾರ ಕಾಲು?" ಎಂದು ಕೇಳಿದ. ಗೋಚಾ, "ತೆಕ್ಲೆದು" ಎಂದ. ಆವತ್ತು ಅವನಿಗೆ ಆ ಹೆಸರು ಹೇಳುವುದೇ ಒಂದು ರುಚಿಯಾಗಿತ್ತು, ಯಾರು ಕೇಳಿದರೂ ಹೇಳುತ್ತಿದ್ದ. ಬೂಟಿನ ಕಥೆ ಹೇಳಬೇಕೆಂದು ನಮಗೆ ಹೊಳೆಯಲಿಲ್ಲ. ಮೊದಲ ಕಾಲು ಯಾರದು ಎಂದರೆ ಯಾರ ಹೆಸರಿನಲ್ಲಿ ಇಟ್ಟರೋ ಅವರದು, ಅದರಲ್ಲಿ ವಿವರಿಸುವುದೇನಿದೆ? ವಾರ್ದೆನ್ ಎರಡನೆಯ ಲೋಟ ಮುಟ್ಟದೆ ಎದ್ದುಹೋದ. ನೀನು ಬಂದಿದ್ದೀಯ ಎಂಬ ಸುದ್ದಿ ಸಂಜೆಯೊಳಗೆ ಊರು ದಾಟಿತು.

ಮಾರನೆಯ ದಿನ ಇಬ್ಬರು ಪೊಲೀಸರು ಬಂದರು. ಒಬ್ಬ ವಯಸ್ಸಾದವನು, ಒಬ್ಬ ನಮ್ಮ ಕಡೆಯವನೇ, ಎಳೆಯ. ನಿನ್ನ ಸಂಸ್ಥೆಯ ಹಣದ ವಿಚಾರಣೆಗೆ ನೀನು ಹಾಜರಾಗಬೇಕೆಂಬ ಸಮನ್ಸು ತಂದಿದ್ದರು. ನೀನು ಮನೆಯಲ್ಲಿದ್ದೀಯ ಎಂಬ ಮಾಹಿತಿ ಇದೆ ಎಂದು ದೊಡ್ಡವನು ಗೋಚಾನ ಮುಖ ನೋಡಿದ. ಗೋಚಾಗೆ ಈ ಕೆಲಸ ಹೋದರೆ ಮನೆಗೆ ಬರುವುದು ನನ್ನ ಪಿಂಚಣಿ ಮಾತ್ರ, ಅದು ಅವನಿಗೂ ಗೊತ್ತು. ‘ನನ್ನ ಮಗಳಿಗೂ ನನಗೂ ಸಂಬಂಧವಿಲ್ಲ’ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವರು ಅದನ್ನೇ ಕೇಳಿಸಿಕೊಳ್ಳಲು ಬಂದಿದ್ದರು. ಅವನು ಎದ್ದು ಒಳಗೆ ಹೋದ. ಬೂಟುಗಳನ್ನು ತಂದು ಅವರ ಮುಂದೆ ಮೇಜಿನ ಮೇಲಿಟ್ಟ.

"ಇವಳೇ ಬಂದಿದ್ದು. ಸಮನ್ಸು ಇದ್ರೊಳಗೆ ಹಾಕಿ."

ಎಳೆಯವನು ತುಟಿ ಕಚ್ಚಿ ನಗು ತಡೆದುಕೊಂಡ. ದೊಡ್ಡವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. "ನಿಮ್ಮ ಕೆಲಸ ನೆನಪಿರ್ಲಿ, ಗೋಚಾ" ಎಂದ.

"ನೆನಪಿದೆ. ಪೈಪು ರಿಪೇರಿ ಮಾಡೋದು. ಮಗಳ್ನ ಹಿಡ್ಕೊಡೋದು ಅದ್ರಲ್ಲಿಲ್ಲ."

ಹಬ್ಬದ ಮನೆಗೆ ಬಂದವರನ್ನು ಒಣಗಂಟಲಿನಲ್ಲಿ ಕಳಿಸುವ ಹಾಗಿಲ್ಲವಲ್ಲ, ಇಂಗಾ ಇಬ್ಬರಿಗೂ ವೈನು ಬಗ್ಗಿಸಿದಳು. ದೊಡ್ಡವನು ಮನೆಗೆ ಒಳ್ಳೆಯದಾಗಲಿ ಎಂದು ಶಾಸ್ತ್ರಕ್ಕೆ ಹೇಳಿ ತುಟಿಗೆ ಸೋಕಿಸಿ ಇಟ್ಟ. ಎಳೆಯವನು ಪೂರ್ತಿ ಕುಡಿದು, ಮೊದಲ ಕಾಲಿಟ್ಟವರ ಆರೋಗ್ಯಕ್ಕೆ ಎಂದು ತುಟಿಯೊಳಗೇ ಗೊಣಗಿದ. ನನಗೆ ಕೇಳಿಸಿತು.

ನಿನ್ನೆಯಿಂದ ಗೋಚಾ ಕಚೇರಿಗೆ ಹೋಗಿಲ್ಲ. ರಜೆ ಎನ್ನುತ್ತಾನೆ. ಎಷ್ಟು ದಿನದ ರಜೆ ಎಂದು ಇಂಗಾ ಕೇಳಿಲ್ಲ, ನಾನೂ ಕೇಳಿಲ್ಲ. ಬೆಳಿಗ್ಗೆಯಿಂದ ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿದ್ದಾನೆ. ವರ್ಷದಿಂದ ಅವನ ಹುಬ್ಬಿನ ನಡುವೆ ಇದ್ದ ಗಂಟು ಸಡಿಲವಾಗಿದೆ. ನಾನು ಕಾಗದ ಬರೆಯುತ್ತಿದ್ದೇನೆ ಎಂದು ಗೊತ್ತಾಗಿ ಕಿಟಕಿಯ ಹತ್ತಿರ ಬಂದು ನಿಂತು, "ಅಪ್ಪಾ, ಅವಳಿಗೆ ಈಗ ಬರ್ಬೇಡ ಅಂತ ಬರಿ. ನಾನು ಹೇಳ್ದೆ ಅಂತಾನೇ ಬರಿ" ಎಂದ. ಹೋದ ವರ್ಷ ಅವನು ಇದನ್ನೇ ಹೇಳಿದ್ದರೆ ನಾನು ಕೋಲು ತೆಗೆದುಕೊಳ್ಳುತ್ತಿದ್ದೆ. ಈಗ ಅವನು ಹೇಳಿದಂತೆಯೇ ಬರೆಯುತ್ತಿದ್ದೇನೆ. ಬರಬೇಡ ಕಂದಾ, ಈ ಬಿರುಸು ಇಳಿಯುವವರೆಗೆ ಅಲ್ಲಿಯೇ ಇರು. ನಿನ್ನನ್ನು ನೋಡಬೇಕೆಂಬ ಆಸೆ ನನಗೆ ಬೆಟ್ಟದಷ್ಟಿದೆ, ಆದರೆ ನಾನು ಸಾಯಲು ಅವಸರ ಮಾಡುತ್ತಿಲ್ಲ, ಕಾಯಬಲ್ಲೆ.

ಹೊಟ್ಟೆ ತುಂಬ ತಿನ್ನು. ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ. ಅಮ್ಮ ನಿನ್ನ ಎರಡೂ ಕಣ್ಣುಗಳಿಗೆ ಮುತ್ತು ಕಳಿಸಿದ್ದಾಳೆ. ನೀನು ಹೋದ ದಾರಿಯೆಲ್ಲ ನಿನಗೆ ಒಳ್ಳೆಯದೇ ಎದುರಾಗಲಿ, ಮಗಳೇ.

ನಿನ್ನ ಮುದಿ ತಾತ,
ಸಿಲೋವಾನ್

ತಾ.ಕ.: ಮಾನಾನಾಳ ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನಗೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತದೆ, ಎತ್ತಿದರೆ ಯಾರೂ ಮಾತಾಡುವುದಿಲ್ಲ, ‘ನನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ’ ಎಂದು ನೀನು ಅಮ್ಮನ ಹತ್ತಿರ ಹೆದರಿ ಹೇಳಿದ್ದೆಯಲ್ಲ, ಅದು ಪೊಲೀಸರಲ್ಲ. ನಿನ್ನಪ್ಪ. ಕೊಟ್ಟಿಗೆಯಲ್ಲಿ ಹೊಸ ಸಿಮ್ ಬಚ್ಚಿಟ್ಟುಕೊಂಡಿದ್ದಾನೆ, ನನಗೆ ಗೊತ್ತು ಎಂದು ಅವನಿಗೆ ಗೊತ್ತಿಲ್ಲ. ಭಾನುವಾರ ಮತ್ತೆ ಮಾಡುತ್ತಾನೆ. ಫೋನು ಇಡಬೇಡ. ಅವನಿಗೆ ಬಾಯಿ ಬರದಿದ್ದರೆ ನೀನೇ ಮೊದಲು ‘ಅಪ್ಪಾ’ ಅನ್ನು.