ಏಳನೇ ಗುಂಡು

೨೦ ಫೆಬ್ರುವರಿ ೧೯೮೭, ಶುಕ್ರವಾರ. ಅಥಣಿ.

ಗುಡುಗಿಗೆ ಗುಂಡು ಎಷ್ಟು ಬೇಕು? ಇಡೀ ದಿನ ಇದೊಂದ ಪ್ರಶ್ನೆ ನನ್ನನ್ನು ಕೊರಿಯಾಕತ್ತೈತಿ.

ನಾಟಕ ಕಂಪನಿ ಕಟ್ಟಿದಾಗ ನನ್ನ ಹತ್ತಿರ ಒಂದೇ ಕಬ್ಬಿಣದ ಗುಂಡಿತ್ತು. ರಂಗದ ಮೇಲಿನ ಅಟ್ಟದ ಹಲಗಿ ಮ್ಯಾಲ ನಮ್ಮ ಕಂಪನಿಯ ಆಳು ಗುಡುಸಾಬ ಅದನ್ನು ಉರುಳಿಸಿ ಗುಡುಗಿನ ಸದ್ದು ಮಾಡಿದರ ಸಾಕು, ಮುಂದಿನ ಸಾಲಿನ ಕೂಸುಗಳು ಚೀರುತ್ತಿದ್ದವು. ನನಗ ಸಾಕಾಗಲಿಲ್ಲ! ನಿಪ್ಪಾಣಿ ಗುಜರಿಯಾಗ ಎರಡು, ಬೋರಗಾಂವದಾಗ ಒಂದು, ಹೀಂಗ ಕೂಡಿಸುತ್ತ ಹೋದೆ. ಇವತ್ತು ಏಳನೆಯದು ಬಂತು. ಎಲ್ಲಕ್ಕಿಂತ ದೊಡ್ಡದು. ಇಬ್ಬರು ಹೊತ್ತು ಅಟ್ಟಕ್ಕೇರಿಸಿದರು.

"ಮಾಲಕರ, ಹಲಗಿಗೆ ಗೆದ್ದಲ ಹತ್ತೈತ್ರಿ," ಅಂದ ಗುಡುಸಾಬ. "ಒಂದ ಗುಂಡು ಸಾಕ್ರಿ. ಮ್ಯಾಲಿನ ದೇವರಾದರೂ ಏಳು ಗುಡುಗು ಒಮ್ಮೆಲೆ ಬಿಡ್ತಾನೇನ್ರಿ?"

"ಲೇ, ಹ್ಯಾಂಡ್‌ಬಿಲ್ಲಿನ್ಯಾಗ ಏಳು ಗುಡುಗು ಅಂತ ಹೊಡಿಸೇನಿ! ಉರುಳಸ!" ಅಂತ ಗರ್ಜಿಸಿದೆ.

ತಾಲೀಮಿನ್ಯಾಗ ಏಳೂ ಉರುಳಿದವು. ಅಬ್ಬಾ, ಏನು ನಾದ! ಎದೆಯ ಎಲುಬು ನಡುಗಿದವು. ಕೆಳಗ ಇಂದುಬಾಯಿ, ಶಾಪ ಹಾಕುವ ರಾಣಿಯಾಗಿ, ಕೂದಲು ಬಿಚ್ಚಿ ನಿಂತಿದ್ದಳು. ಆ ಕೂದಲ ಮ್ಯಾಲ ಸಣ್ಣಗ ಏನೋ ಉದುರಿತು.

"ಏನ್ರಿ ಇದು?" ಅಂದಳು.

ನಾನೇ ಕೈಯಿಂದ ಝಾಡಿಸಿದೆ. "ನಿನ್ನ ಪೌಡರ್ ಬೇ" ಅಂದೆ. ನಕ್ಕಳು ಪಾಪ.

ಅದು ಕಟ್ಟಿಗಿ ಹಿಟ್ಟು. ನನ್ನ ಬೆರಳಸಂದಿಯಾಗ ಇನ್ನೂ ಐತಿ, ಈ ಹಾಳಿಯ ಮ್ಯಾಲೂ ಉದುರಾಕತ್ತೈತಿ. ನಾಳೆ ಆಟಕ್ಕ ಆಕಿ ನಿಲ್ಲೋದು ಅದ ಜಾಗಾದಾಗ. ಬೆಳಿಗ್ಗೆ ಎದ್ದ ಕೂಡಲೇ ಗುಡುಸಾಬಗ ಹೇಳತೀನಿ, ಒಂದ ಗುಂಡು ಸಾಕು ಅಂತ. ಒಂದ.

ಆದರ ಊರ ತುಂಬ ಏಳು ಅಂತ ಡಂಗುರ ಸಾರಿಸೇನಿ. ಮೂರು ಉರುಳಿಸಿದರ ಏನೂ ಆಗಲಿಕ್ಕಿಲ್ಲ. ಮೂರು, ಅಥವಾ